ಗುಡೇಕೋಟೆಯ ದೊಡ್ಡವ್ವನೊಡನೆ ಇಟಲಿಯ ಊಟ

ಕೂಡ್ಲಿಗಿ ತಾಲ್ಲೂಕಿನ ಪೂರ್ವಭಾಗದಲ್ಲಿ, ರಾಯದುರ್ಗದ ಕಡೆಯ ಎಲ್ಲೆಗೆ ಸಮೀಪವಾಗಿ, ಒಂದರ ಮೇಲೊಂದು ಒಟ್ಟಿದಂತಿರುವ ಗುಂಡುಬಂಡೆಗಳ ಬೆಟ್ಟಗಳ ನಡುವೆ ಗುಡೇಕೋಟೆಯೆಂಬ ಊರುಂಟು. ಪಾಳೆಯಗಾರರು ಆಳಿದ ಸ್ಥಳ. ಅವರ ಕೋಟೆಯ ಗೋಡೆಗಳು ಬೆಟ್ಟದ ಮೇಲೆ ಇನ್ನೂ ನಿಂತಿವೆ. ಚಿತ್ರದುರ್ಗದ ಕಿಂಡಿಯಲ್ಲಿ ಒನಕೆ ಹಿಡಿದು ಹೈದರನ ಸಿಪಾಯಿಗಳನ್ನು ಬಡಿದ ಓಬವ್ವನ ತವರೂರು ಇದೇ ಎಂದು ಸೀಮೆಯ ಜನ ಅಭಿಮಾನದಿಂದ ಹೇಳಿಕೊಳ್ಳುತ್ತಾರೆ. ಬಂಡೆಗಳ ಸಂದಿಗೊಂದಿಗಳಲ್ಲಿ ಕರಡಿಗಳು ಹೇರಳವಾಗಿರುವುದರಿಂದ ಸರಕಾರದವರು 2013ರಲ್ಲಿ ಇಲ್ಲಿಯ ಕಾಡನ್ನು ಕರಡಿಧಾಮವೆಂದು ಸಾರಿದರು. ಬಹುಕಾಲ ಬಳ್ಳಾರಿ ಜಿಲ್ಲೆಯಲ್ಲಿದ್ದ ಈ ತಾಲ್ಲೂಕು 2021ರಿಂದ ಹೊಸ ವಿಜಯನಗರ ಜಿಲ್ಲೆಗೆ ಸೇರಿದೆ. ಜಿಲ್ಲೆ ಬದಲಾಯಿತೇ ಹೊರತು ಮಳೆ ಬದಲಾಗಲಿಲ್ಲ. ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ಇಂತಹ ನೆಲದಲ್ಲಿ ಜನ ಏನನ್ನು ಉಣ್ಣುತ್ತಾರೆಂಬುದನ್ನು ಹೇಳಬೇಕಾದದ್ದಿಲ್ಲ. ಉತ್ತರಕ್ಕೆ ಹೋದರೆ ಜೋಳದ ರೊಟ್ಟಿ, ದಕ್ಷಿಣಕ್ಕೆ ಬಂದರೆ ರಾಗಿಯ ಮುದ್ದೆ. ಇವೆರಡೂ ಸಂಧಿಸುವ ಸೀಮೆ ಇದು. ಹಿಂದೆ ಇವುಗಳ ಜೊತೆಗೆ ನವಣೆಯ ಅನ್ನವೂ ಇತ್ತು. ಕಳೆದ ಕೆಲವು ದಶಕಗಳಲ್ಲಿ ನವಣೆಯ ಹೊಲಗಳೆಲ್ಲ ಮೆಕ್ಕೆಜೋಳದ ಹೊಲಗಳಾದುವು. ಮೆಕ್ಕೆಜೋಳವನ್ನು ಬೆಳೆದವರು ಉಣ್ಣುವುದಿಲ್ಲ. ಅದು ಕೋಳಿಗಳ ಮೇವಿಗೂ ಕಾರಖಾನೆಗಳಿಗೂ ಹೋಗುತ್ತದೆ. ಬಂದ ಹಣದಲ್ಲಿ ಅಕ್ಕಿಯನ್ನು ತರುತ್ತಾರೆ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕೆಂದು ನಮ್ಮ ಪ್ರಾರ್ಥನೆ. ಇದು ಮುಂದೆ ಬೇಕಾಗುತ್ತದೆ.

ಈ ಊರಿನಲ್ಲಿ ನಮ್ಮ ದೊಡ್ಡವ್ವ ಇದ್ದಾಳೆ. ಎಪ್ಪತ್ತು ದಾಟಿದ ವಯಸ್ಸು, ಐದು ಎಕರೆ ಮಸಾರಿ ಹೊಲ, ಒಂದು ಎಮ್ಮೆ. ಕಣ್ಣಿನ ಪೊರೆ ತೆಗೆಸುವುದಕ್ಕೆಂದು ಅವಳು ಈ ವರ್ಷ ಬೆಂಗಳೂರಿಗೆ ನಮ್ಮಲ್ಲಿಗೆ ಬಂದಳು. ಕೂಡ್ಲಿಗಿಗೆ ಬಂದು ಅಲ್ಲಿಂದ ಚಿತ್ರದುರ್ಗ, ತುಮಕೂರುಗಳ ಮೇಲೆ ಸರಕಾರಿ ಬಸ್ಸಿನಲ್ಲಿ ದಿನವೆಲ್ಲ ಪ್ರಯಾಣ. 2023ರ ಜೂನಿನಿಂದ ನಮ್ಮ ರಾಜ್ಯದ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿನ ಹಣವಿಲ್ಲವಾದ್ದರಿಂದ ಈ ಪ್ರಯಾಣಕ್ಕೆ ಅವಳಿಗೆ ಒಂದು ಪೈಸೆಯೂ ಖರ್ಚಾಗಲಿಲ್ಲ. ಶಸ್ತ್ರಕ್ರಿಯೆ ಸುಗಮವಾಗಿ ನಡೆಯಿತು. ವೈದ್ಯರು ಕಪ್ಪು ಕನ್ನಡಕವನ್ನು ಬಿಚ್ಚಿಸಿದ ವಾರದಲ್ಲಿ ಅವಳ ಮೊಮ್ಮಗ ನಮ್ಮೆಲ್ಲರನ್ನೂ ಊಟಕ್ಕೆ ಕರೆದನು. ಅವನು ವಿಠ್ಠಲ ಮಲ್ಯ ರಸ್ತೆಯ ಒಂದು ಕಚೇರಿಯಲ್ಲಿ ಗಣಕಯಂತ್ರದ ಕೆಲಸದಲ್ಲಿದ್ದಾನೆ. ಊಟ ಇಟಲಿಯ ಹೋಟಲಿನಲ್ಲಿ ಎಂದಾಗ ನಮ್ಮ ಮನೆಯವರು ಮೆಲ್ಲನೆ, “ದೊಡ್ಡವ್ವ ಅಲ್ಲೇನು ಉಣ್ಣುತ್ತಾರೆ? ಬೇರೆ ಎಲ್ಲಾದರೂ ಆಗಬಾರದೆ?” ಎಂದರು. ಹುಡುಗ ಒಪ್ಪಲಿಲ್ಲ. ಅವನ ಮನಸ್ಸಿನಲ್ಲಿ ಊಟವಲ್ಲದೆ ಇನ್ನೊಂದು ಸಂಗತಿಯೂ ಇತ್ತು. ಗುಡೇಕೋಟೆಯ ಹೊಲಕ್ಕೆ ಗಿರಾಕಿ ಸಿಕ್ಕಿದ್ದರು. ಅದನ್ನು ಮಾರಿ, ಬಂದ ಹಣವನ್ನು ಬೆಂಗಳೂರಿನಲ್ಲಿ ಒಂದು ಮನೆಗೆ ಮುಂಗಡ ಕೊಟ್ಟು, ಅಜ್ಜಿಯನ್ನು ತನ್ನಲ್ಲಿಗೇ ಕರೆದುಕೊಳ್ಳಬೇಕೆಂಬುದು ಅವನ ಯೋಚನೆ. ಇದನ್ನು ಅವನು ನಮಗೆ ಮೊದಲೇ ತಿಳಿಸಿ, “ನೀವೂ ಒಂದು ಮಾತು ಹೇಳಬೇಕು, ಮಾಮಾ” ಎಂದು ಕೇಳಿಕೊಂಡಿದ್ದನು. ನಾವು ಆಗಲಿ ಎನ್ನಲಿಲ್ಲ, ಬೇಡವೆನ್ನಲೂ ಇಲ್ಲ.

ವಿಠ್ಠಲ ಮಲ್ಯ ರಸ್ತೆಗೆ ಹಿಂದೆ ಗ್ರಾಂಟ್ ರಸ್ತೆಯೆಂದು ಹೆಸರಿತ್ತು. ಬಿಯರನ್ನು ತಯಾರಿಸುತ್ತಿದ್ದ ಹಳೆಯ ಕಾರಖಾನೆಯ ನೆಲದ ಮೇಲೆ ಈಗ ಯುಬಿ ಸಿಟಿಯೆಂಬ ಗಾಜಿನ ಗೋಪುರಗಳು ಎದ್ದಿವೆ. ಸುತ್ತಮುತ್ತ ಬ್ಯಾಂಕುಗಳು, ದೇಶವಿದೇಶದ ಕಂಪನಿಗಳ ಕಚೇರಿಗಳು, ಅವುಗಳ ನೌಕರರಿಗೆ ಉಣಬಡಿಸುವ ನಾನಾ ದೇಶದ ಭೋಜನಶಾಲೆಗಳು. ನಾವು ಹೊಕ್ಕ ಹೋಟಲು ಇವುಗಳಲ್ಲಿ ಒಂದು. ಹೆಸರು ಬೇಡ. ಬೆಳಕು ಕಡಿಮೆ, ಗೋಡೆಗೆ ಸುಣ್ಣವಿಲ್ಲ, ಇಟ್ಟಿಗೆಗಳು ಹಾಗೆಯೇ ಕಾಣುತ್ತವೆ. ಇದನ್ನು ಕಂಡು ದೊಡ್ಡವ್ವ, “ಮನೆ ಇನ್ನೂ ಕಟ್ಟಿ ಮುಗಿಸಿಲ್ಲೇನೋ ತಮ್ಮಾ?” ಎಂದು ಮೊಮ್ಮಗನನ್ನು ಕೇಳಿದಳು. ಅವನು ಸುತ್ತಲೂ ನೋಡಿ, ಯಾರಿಗೂ ಕೇಳಿಸಲಿಲ್ಲವೆಂದು ಸಮಾಧಾನಪಟ್ಟುಕೊಂಡಂತೆ ನಮಗೆ ತೋರಿತು. ಇಪ್ಪತ್ತೈದು ವರ್ಷದ ಹುಡುಗ, ನೌಕರಿಯ ಊರು, ದೋಷವೆಣಿಸಲಾಗದು.

ಒಳಗೆ ಒಂದು ಮೂಲೆಯಲ್ಲಿ ಕಟ್ಟಿಗೆಯ ಒಲೆ ಉರಿಯುತ್ತಿತ್ತು. ಗುಮ್ಮಟದಾಕಾರದ ಆ ಒಲೆಯ ಬಾಯಿಯೊಳಕ್ಕೆ ಒಬ್ಬನು ಉದ್ದನೆಯ ಮರದ ಮೊರದಂತಹ ಸಾಧನದಿಂದ ರೊಟ್ಟಿಗಳನ್ನು ತಳ್ಳಿ, ಒಂದೆರಡು ನಿಮಿಷಗಳಲ್ಲಿ ಹೊರಕ್ಕೆ ಎಳೆಯುತ್ತಿದ್ದನು. ಇದೇ ಪಿಜ್ಜ. ನೇಪಲ್ಸ್ ನಗರದ ಬಡವರು ಬೀದಿಯಲ್ಲಿ ಕೊಂಡು ಮಡಿಸಿ ತಿನ್ನುತ್ತಿದ್ದ ರೊಟ್ಟಿ. ಇದನ್ನು ಮಾಡುವ ನೇಪಲ್ಸಿನ ಕುಶಲತೆಯನ್ನು 2017ರಲ್ಲಿ ಯುನೆಸ್ಕೋ ಸಂಸ್ಥೆಯವರು ಮಾನವಕುಲದ ಪರಂಪರೆಯೆಂದು ಪಟ್ಟಿಯಲ್ಲಿ ಸೇರಿಸಿದರು. ದೊಡ್ಡವ್ವ ಕುರ್ಚಿಯಲ್ಲಿ ಕೂರದೆ ಮೊದಲು ಒಲೆಯ ಬಳಿಗೇ ಹೋದಳು. ಹೊಸ ಕಣ್ಣು; ಬೆಂಕಿ ಅವಳಿಗೆ ನಿಚ್ಚಳವಾಗಿ ಕಾಣುತ್ತಿತ್ತು. “ಯಾವ ಕಟ್ಟಿಗಿ?” ಎಂದು ಅವಳು ಕೇಳಿದ್ದಕ್ಕೆ ಆ ಯುವಕನು ಕೆಲಸ ಬಿಡದೆಯೇ, “ಸರ್ವೆ, ಅಜ್ಜಿ” ಎಂದು ಕನ್ನಡದಲ್ಲಿಯೇ ಉತ್ತರ ಕೊಟ್ಟನು. ವಿಚಾರಿಸಲಾಗಿ ಅವನು ಹೂವಿನಹಡಗಲಿಯ ಕಡೆಯವನು! ಇಟಲಿಯ ರೊಟ್ಟಿಯನ್ನು ಬೇಯಿಸುವ ಕೈ ನಮ್ಮ ತುಂಗಭದ್ರೆಯ ದಡದ್ದೆಂದು ತಿಳಿದ ಮೇಲೆ ದೊಡ್ಡವ್ವನ ಮುಖದ ಬಿಗುವು ಇಳಿಯಿತು.

ಇಟಲಿಯವರಿಗೂ ನಮ್ಮ ಸೀಮೆಗೂ ನಂಟು ಇಂದಿನದಲ್ಲ. ಗುಡೇಕೋಟೆಗೆ ಬಹುದೂರವಲ್ಲದ ಹಂಪೆಯ ಪಟ್ಟಣಕ್ಕೆ 1420ರ ಸುಮಾರಿನಲ್ಲಿಯೇ ನಿಕೊಲೊ ಕೊಂತಿಯೆಂಬ ವೆನಿಸಿನ ವರ್ತಕನು ಬಂದಿದ್ದನು. 16ನೆಯ ಶತಮಾನದ ಆದಿಯಲ್ಲಿ ಬೊಲೊನ್ಯದ ವರ್ತೇಮನು ಬಂದನು. ತಾಳೀಕೋಟೆಯ ಯುದ್ಧವಾದ ಮೇಲೆ, 1567ರಲ್ಲಿ, ವೆನಿಸಿನ ಚೆಸಾರೆ ಫೆದೆರೀಚಿ ಬಂದು, ಹಾಳಾದ ವಿಜಯನಗರದಲ್ಲಿ ಏಳು ತಿಂಗಳು ನಿಂತಿದ್ದನು. ಅವನಿಗಿದ್ದ ಕೆಲಸ ಒಂದು ತಿಂಗಳಿನದು, ಆದರೆ ದಾರಿಗಳಲ್ಲಿ ಕಳ್ಳರ ಭಯದಿಂದ ಹೊರಡುವಂತಿರಲಿಲ್ಲ. 1623ರಲ್ಲಿ ರೋಮಿನ ಪಿಯೆತ್ರೊ ದೆಲ್ಲ ವಲ್ಲೆ ಇಕ್ಕೇರಿಯ ವೆಂಕಟಪ್ಪನಾಯಕನ ಆಸ್ಥಾನವನ್ನು ನೋಡಿಹೋದನು. ಬೆಂಗಳೂರಿಗೆ ಇಟಲಿಯವರು ಗುಂಪಾಗಿ ಬಂದದ್ದು ಮಾತ್ರ ಇಷ್ಟವಿಲ್ಲದೆ: ಎರಡನೆಯ ಮಹಾಯುದ್ಧದಲ್ಲಿ ಆಫ್ರಿಕದಲ್ಲಿ ಸೆರೆಸಿಕ್ಕ ಇಟಲಿಯ ಸಾವಿರಾರು ಸೈನಿಕರನ್ನು 1941ರಿಂದ ಜಾಲಹಳ್ಳಿ ಮೊದಲಾದ ಕಡೆಗಳ ಶಿಬಿರಗಳಲ್ಲಿ ಇರಿಸಿದ್ದರು. ಅಂದು ಅವರು ನಮ್ಮ ಅನ್ನವನ್ನು ಉಂಡರು. ಇಂದು ನಾವು ಕಾಸು ಕೊಟ್ಟು ಅವರ ಅನ್ನಕ್ಕೆ ಹೋಗುತ್ತೇವೆ.

ಊಟದ ಪಟ್ಟಿ ಒಂದು ಪುಸ್ತಕದಷ್ಟಿತ್ತು. ಇಟಲಿಯವರು ಎಲೆಯಲ್ಲಿ ಎಲ್ಲವನ್ನೂ ಒಮ್ಮೆಗೇ ಬಡಿಸುವವರಲ್ಲ. ಮೊದಲು ನಾಲಗೆಯ ರುಚಿಗೆ ಸ್ವಲ್ಪ; ಅನಂತರ ಹಿಟ್ಟಿನ ಅಥವಾ ಅಕ್ಕಿಯ ಪದಾರ್ಥ; ಆಮೇಲೆ ಮಾಂಸ ಮೀನುಗಳು; ಕಡೆಗೆ ಸಿಹಿ. ನಮ್ಮ ದೊಡ್ಡವ್ವನದು ಶುದ್ಧ ಶಾಕಾಹಾರ. ಆದುದರಿಂದ ಮೂರನೆಯದು ಇಲ್ಲವೇ ಇಲ್ಲ. ಆದರೆ ಶಾಕಾಹಾರಿಗಳು ಇಲ್ಲಿ ಎಚ್ಚರವಿರಬೇಕಾದದ್ದು ಬೇರೊಂದು ಕಡೆ, ಮತ್ತು ಇದನ್ನು ಗೃಹಸ್ಥರಾದ ವಾಚಕರಿಗೆ ಸ್ವಲ್ಪ ಬಿಡಿಸಿ ಹೇಳುವುದು ಒಳ್ಳೆಯದು. ಚೀಸೆಂಬುದು ಹಾಲನ್ನು ಒಡೆಯಿಸಿ, ನೀರು ಬಸಿದು ಗಟ್ಟಿಮಾಡಿದ ವಸ್ತು. ಹಾಲೊಡೆಯಿಸಲು ಬೇಕಾದ ಹೆಪ್ಪನ್ನು ಪೂರ್ವದಿಂದಲೂ ಯೂರೋಪಿನಲ್ಲಿ ಹಾಲು ಕುಡಿಯುವ ಕರುವಿನ ಜಠರದಿಂದ ತೆಗೆಯುತ್ತಾರೆ. ಪಾರ್ಮದ ಹೆಸರಾಂತ ಗಟ್ಟಿ ಚೀಸನ್ನು ಇಂದಿಗೂ ಕಟ್ಟಳೆಯ ಪ್ರಕಾರ ಹೀಗೆಯೇ ಮಾಡಬೇಕು. ಸೂಕ್ಷ್ಮಜೀವಿಗಳಿಂದ ತಯಾರಿಸಿದ ಹೆಪ್ಪೂ ಉಂಟು. ನಮ್ಮ ದೇಶದಲ್ಲಿ ಮಾಡುವ ಚೀಸುಗಳಿಗೆ ಬಹುಮಟ್ಟಿಗೆ ಅದನ್ನೇ ಬಳಸುತ್ತಾರೆ. ಎರಡಕ್ಕೂ ನೋಟದಲ್ಲಿ ಭೇದವಿಲ್ಲ.

ನಾವು ಬಡಿಸುವವನನ್ನು ಕೇಳಿದೆವು. ಅವನು ಒಳಗೆ ಹೋಗಿ ಮುಖ್ಯ ಪಾಚಕನನ್ನೇ ಕರೆತಂದನು. ಆ ಮಹಾಶಯನು ಮುಚ್ಚುಮರೆಯಿಲ್ಲದೆ, “ಮೇಲೆ ತುರಿದು ಉದುರಿಸುವ ಚೀಸು ಇಟಲಿಯಿಂದ ಬಂದದ್ದು, ಅದು ನಿಮಗೆ ಸಲ್ಲದು. ಬಿಳಿಯ ಮೆತ್ತನೆಯದು ಇಲ್ಲಿಯದೇ, ಅದರಲ್ಲಿ ಅಂತಹುದೇನೂ ಇಲ್ಲ” ಎಂದು ವಿವರಿಸಿ, ಗಟ್ಟಿ ಚೀಸನ್ನು ನಮ್ಮ ಯಾವ ತಟ್ಟೆಗೂ ಹಾಕದಂತೆ ಅಪ್ಪಣೆ ಮಾಡಿದನು. ಕೇಳಿದ್ದಕ್ಕೆ ಯಾರೂ ಮುಖ ಸಿಂಡರಿಸಲಿಲ್ಲ. ಕೇಳದಿದ್ದರೆ ಯಾರೂ ಹೇಳುತ್ತಲೂ ಇರಲಿಲ್ಲವೆಂಬುದು ಬೇರೆ ಮಾತು. ಆ ಮೆತ್ತನೆಯ ಚೀಸಿಗೆ ಮೊತ್ಸರೆಲ್ಲವೆಂದು ಹೆಸರು. ನೇಪಲ್ಸಿನ ಸುತ್ತಿನ ಕಂಪಾನಿಯ ಪ್ರಾಂತದಲ್ಲಿ ಇದನ್ನು ಎಮ್ಮೆಯ ಹಾಲಿನಿಂದ ಮಾಡುತ್ತಾರೆ. ಬೆಂಗಳೂರಿನಲ್ಲಿಯೂ ಬೆನೆಡಿಕ್ಟ್ ಪಂಥದ ಕ್ರೈಸ್ತ ಸಂನ್ಯಾಸಿಗಳು ತಮ್ಮ ಮಠದಲ್ಲಿ 2004ರ ಸುಮಾರಿನಿಂದ ಇಟಲಿಯ ರೀತಿಯ ಚೀಸುಗಳನ್ನು ಮಾಡಿ ಹೋಟಲುಗಳಿಗೆ ಒದಗಿಸುತ್ತ ಬಂದಿದ್ದಾರೆ. “ಎಮ್ಮಿ ಹಾಲಾ? ಹಂಗಾದ್ರ ತರಹೇಳು” ಎಂದಳು ದೊಡ್ಡವ್ವ. ತಂದದ್ದನ್ನು ಬಾಯಿಗಿಟ್ಟು, “ಉಪ್ಪು ಮರೆತಾರೆ” ಎಂದಳು. ಟೊಮ್ಯಾಟೊ ಹಣ್ಣಿನ ಹೋಳುಗಳೊಡನೆ ತುಳಸಿಯ ಜಾತಿಯ ಎಲೆಯನ್ನಿಟ್ಟಿದ್ದರು. ತುಳಸಿಯೆಂದು ತಿಳಿದು ಅವಳು ಅದನ್ನು ಕಣ್ಣಿಗೊತ್ತಿಕೊಂಡು ಪಕ್ಕಕ್ಕಿಟ್ಟಳು. ಅದು ಬೇರೆ ಗಿಡವೆಂದು ತಿಳಿಸಲು ನಮಗೆ ಮನಸ್ಸಾಗಲಿಲ್ಲ.

ಟೊಮ್ಯಾಟೊ ಇಲ್ಲದೆ ಇಟಲಿಯ ಅಡಿಗೆಯನ್ನು ಇಂದು ಊಹಿಸುವಂತಿಲ್ಲ. ಆದರೂ ಅದು ಅವರ ನೆಲದ ಹಣ್ಣಲ್ಲ. ಅಮೆರಿಕದಿಂದ 16ನೆಯ ಶತಮಾನದಲ್ಲಿ ಬಂದದ್ದು. ಚಿನ್ನದ ಹಣ್ಣೆಂದು ಹೆಸರಿಟ್ಟು ಬಹುಕಾಲ ಅನುಮಾನದಿಂದ ನೋಡಿದರು. ನಮ್ಮ ಮೆಣಸಿನಕಾಯಿಯ ಕಥೆಯೂ ಇದೇ ಅಲ್ಲವೆ? ಬ್ಯಾಡಗಿಯ ಹೆಸರು ಹೇಳಿ ಮೀಸೆ ತಿರುವುವ ನಾವು, ಅದು ಪೋರ್ಚುಗೀಸರ ಹಡಗಿನಲ್ಲಿ ಬಂದ ಅತಿಥಿಯೆಂಬುದನ್ನು ಮರೆತೇಬಿಟ್ಟಿದ್ದೇವೆ.

ಅನಂತರ ಬಂದದ್ದು ಶಾವಿಗೆ. ಅವರು ಪಾಸ್ತವೆನ್ನುತ್ತಾರೆ, ನಮ್ಮ ಕಣ್ಣಿಗೆ ಶಾವಿಗೆಯೇ. ಮಾರ್ಕೊ ಪೋಲೊ ಇದನ್ನು ಚೀನದಿಂದ ತಂದನೆಂದು ಶಾಲೆಯಲ್ಲಿ ಕಲಿತವರು ಆ ಪಾಠವನ್ನು ಮರೆಯಬಹುದು. ಅವನು ಮರಳಿದ್ದು 1295ರಲ್ಲಿ. ಅದಕ್ಕೆ ಮೊದಲೇ, 1154ರಲ್ಲಿ, ಅರಬ್ಬೀ ಭೂಗೋಳಜ್ಞನಾದ ಇದ್ರೀಸಿಯು ಸಿಸಿಲಿಯ ತ್ರಬಿಯ ಎಂಬ ಊರಿನಲ್ಲಿ ಎಳೆಶಾವಿಗೆಯನ್ನು ಮಾಡಿ ಹಡಗುಗಳಲ್ಲಿ ಕಳುಹಿಸುತ್ತಿದ್ದರೆಂದು ಬರೆದಿದ್ದಾನೆ. ಅಂಗಡಿಯ ಒಣ ಪಾಸ್ತವನ್ನು ಗಡಸು ಗೋಧಿಯಿಂದಲೇ ಮಾಡಬೇಕೆಂದು ಇಟಲಿಯಲ್ಲಿ 1967ರ ಕಾನೂನುಂಟು. ಉಪ್ಪಿಟ್ಟಿಗೆ ನಾವು ತರುವ ಬನ್ಸಿ ರವೆಯ ಗೋಧಿ ಅದೇ ಜಾತಿಯದು. ಶಾವಿಗೆಗೆ ಬೆಳಗಾವಿ, ಧಾರವಾಡ, ವಿಜಾಪುರಗಳ ಕಡೆ ಹೆಸರಾದ ಸದಕ ಅಥವಾ ಜವೆಗೋಧಿಯನ್ನು ಇಟಲಿಯವರು ಫಾರ್ರೊ ಎಂದು ಕರೆದು, ರೋಮಿನ ಪ್ರಾಚೀನರ ಧಾನ್ಯವೆಂದು ಆದರದಿಂದ ಬಳಸುತ್ತಾರೆ. ಮದುವೆಯ ಮನೆಯಲ್ಲಿ ನಮ್ಮ ಹೆಂಗಸರು ಕೂತು ಬೆರಳಿನಲ್ಲಿ ಹೊಸೆಯುವ ಗವಲಿ, ಪರಡಿಗಳಿಗೆ ಸಮನಾದ ಕೈಶಾವಿಗೆಗಳು ಅಲ್ಲಿ ಪ್ರಾಂತಕ್ಕೊಂದರಂತೆ ಉಂಟು. ನಾವು ಹಾಲು ಬೆಲ್ಲ ಹಾಕುತ್ತೇವೆ; ಅವರು ಎಣ್ಣೆ ಬೆಳ್ಳುಳ್ಳಿ ಹಾಕುತ್ತಾರೆ.

ಇಲ್ಲಿ ಒಂದು ಚಿಕ್ಕ ತೊಡಕಾಯಿತು. ಶಾವಿಗೆಯನ್ನು ಮುಳ್ಳುಚಮಚದ ತುದಿಗೆ ಸುತ್ತಿ ತಿನ್ನಬೇಕೆಂಬುದು ಅಲ್ಲಿಯ ಪದ್ಧತಿ. ದೊಡ್ಡವ್ವ ಒಮ್ಮೆ ಪ್ರಯತ್ನಿಸಿದಳು. ಎಳೆ ಜಾರಿ ಸೆರಗಿನ ಮೇಲೆ ಬಿತ್ತು. ಅವಳು ಚಮಚವನ್ನು ತಟ್ಟೆಯ ಆಚೆಗಿಟ್ಟು, ನೀರಿನ ಲೋಟದಿಂದ ಬೆರಳು ತೊಳೆದುಕೊಂಡು, ಕೈಯಿಂದ ಉಣ್ಣತೊಡಗಿದಳು. ಮೊಮ್ಮಗ ತಗ್ಗಿದ ದನಿಯಲ್ಲಿ, “ಅಜ್ಜಿ, ಇಲ್ಲಿ ಕೈಯಾಗ ತಿನ್ನಬಾರದು” ಎಂದನು. ಪಕ್ಕದ ಮೇಜಿನಲ್ಲಿ ಅವನ ಕಚೇರಿಯ ಇಬ್ಬರು ಕುಳಿತಿದ್ದರು. ದೊಡ್ಡವ್ವ ತಲೆಯೆತ್ತದೆ, “ಯಾಕ, ಕೈ ಹೊಲಸೇನು? ಈಗ ತೊಳದೀನಿ” ಎಂದಳು.

ನಾವು ಮಾತು ಆಡಬೇಕಾದ ಸಮಯ ಅದೇ ಎಂದು ತೋರಿತು. ಮುಳ್ಳುಚಮಚವನ್ನು ಊಟಕ್ಕೆ ರೂಢಿಗೆ ತಂದವರು ಇಟಲಿಯವರೆಂಬುದು ನಿಜ. 1608ರಲ್ಲಿ ಇಂಗ್ಲೆಂಡಿನ ಥಾಮಸ್ ಕಾರ್ಯಟ್ ಅದನ್ನು ಅಲ್ಲಿ ಕಂಡು ಸೋಜಿಗಪಟ್ಟು, ಊರಿಗೆ ಹೋಗಿ ಅನುಕರಿಸಿ, ಸ್ನೇಹಿತರಿಂದ ನಗಿಸಿಕೊಂಡು, 1611ರಲ್ಲಿ ಅದನ್ನು ಬರೆದನು. ಆದರೆ ಅದೇ ಇಟಲಿಯ ನೇಪಲ್ಸಿನಲ್ಲಿ 19ನೆಯ ಶತಮಾನದವರೆಗೂ ಬೀದಿಯ ಜನರು ಶಾವಿಗೆಯನ್ನು ಕೈಯಿಂದ ಮೇಲೆತ್ತಿ, ತಲೆಯನ್ನು ಹಿಂದಕ್ಕೆ ಬಾಗಿಸಿ ಬಾಯೊಳಕ್ಕೆ ಇಳಿಸಿಕೊಳ್ಳುತ್ತಿದ್ದರು. ಅದನ್ನು ನೋಡುವುದಕ್ಕೆಂದು ಪರದೇಶದ ಪ್ರವಾಸಿಗಳು ನಿಲ್ಲುತ್ತಿದ್ದರು. ಇದನ್ನು ಹುಡುಗನಿಗೆ ಹೇಳಿದೆವು. ಹೇಳಿ, ನಾವೂ ಚಮಚವನ್ನು ಕೆಳಗಿಟ್ಟೆವು. ನಮ್ಮ ಮನೆಯವರೂ ಇಟ್ಟರು. ಹುಡುಗ ಸ್ವಲ್ಪ ಹೊತ್ತು ಚಮಚ ಹಿಡಿದೇ ಇದ್ದನು. ಪಕ್ಕದ ಮೇಜಿನವರು ನೋಡಿದರೋ ಇಲ್ಲವೋ ನಾವರಿಯೆವು. ದೊಡ್ಡವ್ವನ ಅಭಿಪ್ರಾಯದಲ್ಲಿ ಶಾವಿಗೆಗೆ ಇನ್ನೊಂದು ಕುದಿ ಬೇಕಾಗಿತ್ತು. ಹಲ್ಲಿಗೆ ತುಸು ತಡೆಯುವಂತೆ ಬೇಯಿಸುವುದೇ ಇಟಲಿಯವರ ಹದವೆಂದು ಎಷ್ಟು ಹೇಳಿದರೂ ಅವಳು ನಂಬಲಿಲ್ಲ.

ಪಿಜ್ಜದ ವಿಷಯ ಬೆಳೆಸಬೇಕಾದದ್ದಿಲ್ಲ. ಈಗ ಅದನ್ನು ಕೂಡ್ಲಿಗಿಯ ಹುಡುಗರೂ ಬಲ್ಲರು. ಅಂಚು ಅಲ್ಲಲ್ಲಿ ಕರಿದಾಗಿ, ಒಳಗೆ ಮೆತ್ತಗಾಗಿ ಚೆನ್ನಾಗಿಯೇ ಇತ್ತು.

ನಾವು ಹೇಳಬೇಕೆಂದಿರುವುದು ಅದರ ತರುವಾಯ ಬಂದ ತಟ್ಟೆಯ ವಿಚಾರ. ಕರಿಯ ಕಲ್ಲಿನ ತಟ್ಟೆಯಲ್ಲಿ ಹಳದಿ ಬಣ್ಣದ ಒಂದು ಮುದ್ದೆ. ಅದರ ಮೇಲೆ ಹುರಿದ ಅಣಬೆ. ಸುತ್ತ ಬೆಣ್ಣೆಯ ತೇವ. ಪಟ್ಟಿಯಲ್ಲಿ ಅದರ ಬೆಲೆ 690 ರೂಪಾಯಿ. ದೊಡ್ಡವ್ವ ಬೆರಳಿನಿಂದ ಸ್ವಲ್ಪ ಮುರಿದು, ಮೂಸಿ, ನಾಲಗೆಗಿಟ್ಟು, ಹುಡುಗನ ಮುಖವನ್ನು ನೋಡಿದಳು. “ತಮ್ಮಾ, ಇದು ಮೆಕ್ಕಿಜೋಳದ ಮುದ್ದಿ.”

ಅದು ಪೊಲೆಂತ. ಇಟಲಿಯ ಉತ್ತರದ ಪ್ರಾಂತಗಳಲ್ಲಿ ಬಡವರು ತಾಮ್ರದ ಹಂಡೆಯಲ್ಲಿ ಮೆಕ್ಕೆಜೋಳದ ನುಚ್ಚನ್ನು ಸುರಿದು, ಉದ್ದನೆಯ ಕೋಲಿನಿಂದ ಮುಕ್ಕಾಲು ಗಂಟೆ ತಿರುವಿ, ಮರದ ಹಲಗೆಯ ಮೇಲೆ ಕವುಚಿ, ದಾರದಿಂದ ಕೊಯ್ದು ಹಂಚಿಕೊಂಡು ಉಣ್ಣುತ್ತಿದ್ದ ಮುದ್ದೆ. ಮುದ್ದೆ ಕೋಲು ಹಿಡಿದವರಿಗೆ ಈ ವರ್ಣನೆ ಹೊಸದಲ್ಲ. ದಕ್ಷಿಣದವರು ಉತ್ತರದವರನ್ನು ಮುದ್ದೆಗುಳಿಗಳೆಂದೂ, ನೇಪಲ್ಸಿನವರನ್ನು ಮಿಕ್ಕವರು ಶಾವಿಗೆಬಾಕರೆಂದೂ ಹಾಸ್ಯಮಾಡುತ್ತಿದ್ದರಂತೆ. ರೊಟ್ಟಿಯವರು ಮುದ್ದೆಯವರನ್ನು ಆಡಿಕೊಳ್ಳುವುದು ನಮ್ಮಲ್ಲಿ ಮಾತ್ರವಲ್ಲ.

ಆದರೆ ಈ ಮುದ್ದೆಗೆ ಒಂದು ದುಃಖದ ಚರಿತ್ರೆಯುಂಟು. ಮೆಕ್ಕೆಜೋಳವೂ ಅಮೆರಿಕದಿಂದ ಬಂದದ್ದು. ಅದು ಬರುವುದಕ್ಕೆ ಮೊದಲು ಇಟಲಿಯ ರೈತರ ಮುದ್ದೆಗೆ ಬರಗು, ಜವೆಗೋಧಿ, ಮತ್ತು ‘ಪಾನೀಕೊ’ ಎಂಬ ಕಿರುಧಾನ್ಯ ಬೀಳುತ್ತಿದ್ದವು. ಈ ಪಾನೀಕೊ ಯಾವುದೆಂದರೆ ನಮ್ಮ ನವಣೆ! 1753ರಲ್ಲಿ ಸಸ್ಯಶಾಸ್ತ್ರಜ್ಞನಾದ ಲಿನೇಯಸನು ನವಣೆಗೆ ಲ್ಯಾಟಿನಿನಲ್ಲಿ ಹೆಸರಿಡುವಾಗ ಇಟಲಿಯ ಹೆಸರನ್ನೇ ಸೇರಿಸಿದನು. ಶಾಸ್ತ್ರಜ್ಞರ ಭಾಷೆಯಲ್ಲಿ ಇಂದಿಗೂ ಅದು ‘ಸೆಟಾರಿಯ ಇಟಾಲಿಕ’. ಹುಟ್ಟಿದ್ದು ಚೀನದಲ್ಲಿ, ಹೆಸರು ಇಟಲಿಯದು, ಬೆಳೆದುಂಡವರು ಗುಡೇಕೋಟೆಯವರು. ಮೆಕ್ಕೆಜೋಳ ಬಂದಾಗ ಇಟಲಿಯ ರೈತನು ನವಣೆಯನ್ನು ಬಿಟ್ಟನು; ಮೆಕ್ಕೆಜೋಳ ಎಕರೆಗೆ ಹೆಚ್ಚು ಇಳುವರಿ ಕೊಡುತ್ತದೆ, ಧಣಿಗೆ ಗೋಧಿ ಅಳೆದು ಉಳಿದ ನೆಲದಲ್ಲಿ ಹೊಟ್ಟೆಗಾಗುತ್ತದೆ. 18ನೆಯ ಶತಮಾನದ ಹೊತ್ತಿಗೆ ಮೂರು ಹೊತ್ತೂ ಬರಿಯ ಪೊಲೆಂತವನ್ನೇ ಉಣ್ಣುವ ಸಂಸಾರಗಳಾದುವು. ಅವರ ಮೈಯ ಚರ್ಮ ಒರಟಾಗಿ ಸುಲಿಯಿತು, ಭೇದಿ ಹತ್ತಿತು, ಬುದ್ಧಿ ಕೆಟ್ಟು ಹುಚ್ಚಾಸ್ಪತ್ರೆ ಸೇರಿದವರಿಗೆ ಲೆಕ್ಕವಿಲ್ಲ. ಒರಟು ಚರ್ಮವೆಂಬ ಅರ್ಥದ ‘ಪೆಲ್ಲಾಗ್ರ’ ಎಂಬ ಹೆಸರನ್ನು ಮಿಲಾನಿನ ವೈದ್ಯನೊಬ್ಬನು 1771ರಲ್ಲಿ ಬರೆದಿಟ್ಟನು. ಅನ್ನದಲ್ಲಿ ನಯಾಸಿನ್ ಎಂಬ ಜೀವಸತ್ತ್ವದ ಕೊರತೆ ಇದಕ್ಕೆ ಕಾರಣವೆಂದು ತಿಳಿದದ್ದು 20ನೆಯ ಶತಮಾನದಲ್ಲಿ. ಮೆಕ್ಸಿಕೋದ ಹೆಂಗಸರು ಈ ಧಾನ್ಯವನ್ನು ಸುಣ್ಣದ ನೀರಿನಲ್ಲಿ ಬೇಯಿಸಿಯೇ ಅರೆಯುತ್ತಿದ್ದರು; ಹಾಗೆ ಮಾಡಿದರೆ ಆ ಸತ್ತ್ವ ಮೈಗೆ ಹತ್ತುತ್ತದೆ. ಕಾಳು ಕಡಲು ದಾಟಿತು, ಹೆಂಗಸರ ವಿದ್ಯೆ ದಾಟಲಿಲ್ಲ.

ಇದೇ ರೋಗವನ್ನು 1960ರ ಸುಮಾರಿನಲ್ಲಿ ಹೈದರಾಬಾದಿನ ಡಾ. ಸಿ. ಗೋಪಾಲನ್ ಮೊದಲಾದವರು ದಖ್ಖಣದ ಬಡ ಜೋಳದುಣಿಗಳಲ್ಲಿ ಕಂಡು ಪರಿಶೋಧಿಸಿದರು. ಜೋಳದ ರೊಟ್ಟಿಯವರು ಗಾಬರಿಯಾಗಬೇಕಾದದ್ದಿಲ್ಲ. ಜೊತೆಗೆ ಬೇಳೆ, ಕಾಳುಪಲ್ಯ, ಶೇಂಗಾ, ಮಜ್ಜಿಗೆಗಳಿದ್ದ ಮನೆಗೆ ಆ ರೋಗ ಸುಳಿಯದು. ಏನೂ ಇಲ್ಲದೆ ಒಂದೇ ಧಾನ್ಯವನ್ನು ನಂಬಿದವರಿಗೆ ಬಂದದ್ದು.

ಇವನ್ನೆಲ್ಲ ದೊಡ್ಡವ್ವನಿಗೆ ಸರಳವಾಗಿ ಹೇಳಿದೆವು. ಅವಳು ಉಣ್ಣುವುದನ್ನು ನಿಲ್ಲಿಸಿ ಕೇಳಿದಳು. ನವಣೆಯ ಮಾತು ಬಂದಾಗ, “ನಮ್ಮತ್ತಿ ನವಣಿ ಅನ್ನಕ್ಕ ಹುಣಸಿಹಣ್ಣಿನ ಸಾರು ಹಾಕ್ತಿದ್ಲು. ಬಾಣಂತ್ಯಾರಿಗೆ ನವಣಿ ಹುಗ್ಗಿ. ಈಗ ಬೀಜಕ್ಕೂ ಇಲ್ಲ” ಎಂದಳು. ಆಮೇಲೆ ಬೆಲೆಯ ಪಟ್ಟಿಯನ್ನು ಓದಿಸಿ ಕೇಳಿಕೊಂಡು, ಬೆರಳು ಮಡಿಸಿ ಲೆಕ್ಕ ಹಾಕಿದಳು. 2025-26ರ ಹಂಗಾಮಿಗೆ ಕೇಂದ್ರ ಸರಕಾರ ಮೆಕ್ಕೆಜೋಳಕ್ಕೆ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ. ತಟ್ಟೆಯಲ್ಲಿದ್ದ ಮುದ್ದೆಗೆ ಹೆಚ್ಚೆಂದರೆ ನೂರು ಗ್ರಾಂ ಹಿಟ್ಟು. ಅಂದರೆ ಎರಡು ರೂಪಾಯಿ ನಲವತ್ತು ಪೈಸೆಯ ಕಾಳು. ಒಂದು ಕ್ವಿಂಟಲಿನಿಂದ ಇಂತಹ ಸಾವಿರ ತಟ್ಟೆಗಳಾಗುತ್ತವೆ. ಅವುಗಳ ಬೆಲೆ ಆರು ಲಕ್ಷ ತೊಂಬತ್ತು ಸಾವಿರ. “ನನಗ ಆ ಎರಡು ಸಾವಿರದ ನಾನೂರೂ ಸಿಗಲಿಲ್ಲ” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ.

ಹೋಟಲಿನವರ ಪರವಾಗಿಯೂ ಒಂದು ಮಾತು ಹೇಳುವುದು ನ್ಯಾಯ. ಆ ರಸ್ತೆಯ ಬಾಡಿಗೆ, ಒಲೆಯ ಮುಂದೆ ಬೇಯುವ ಹಡಗಲಿಯ ಹುಡುಗನ ಸಂಬಳ, ಅಣಬೆ, ಬೆಣ್ಣೆ, ದೀಪ, ಗಾಳಿ, ಇವೆಲ್ಲ ಆ 690ರಲ್ಲಿವೆ. ನಮ್ಮನ್ನು ಗೌರವದಿಂದಲೇ ಕಂಡರು. ಆದರೂ ಇಟಲಿಯವನು ತನ್ನ ಬಡ ಅಜ್ಜಿಯ ಮುದ್ದೆಗೆ ಅಜ್ಜಿಯ ಊರಿನ ಹೆಸರಿಟ್ಟು, ಕರಿಯ ಕಲ್ಲಿನ ತಟ್ಟೆಯಲ್ಲಿ ಕೂರಿಸಿ ಪ್ರಪಂಚಕ್ಕೆಲ್ಲ ಮಾರಬಲ್ಲ. ನಮ್ಮ ಸೀಮೆಯವರು ಬೀಗರು ಬಂದರೆ ಮುದ್ದೆಯ ತಪ್ಪಲೆಯನ್ನು ಮರೆಮಾಡಿ ಅಕ್ಕಿಗೆ ಎಸರಿಡುತ್ತಾರೆ. ಸಂಯುಕ್ತ ರಾಷ್ಟ್ರಗಳ ಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲೆ ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ ನವಣೆಗೆ ಬೆಲೆ ಬಂದಿತು. ಗುಡೇಕೋಟೆಯ ಹೊಲಕ್ಕೆ ಆ ಸುದ್ದಿ ಇನ್ನೂ ತಲಪಬೇಕು.

ಹುಡುಗನು ಹೊಲದ ಮಾತನ್ನು ತೆಗೆದದ್ದು ಕಡೆಯಲ್ಲಿ, ಹಾಲಿನ ಮಂಜುಗಡ್ಡೆಯ ಸಿಹಿ ಬಂದಾಗ. ತಡವರಿಸುತ್ತ ಎಲ್ಲವನ್ನೂ ಹೇಳಿದನು: ಗಿರಾಕಿ ಕೊಡುವ ಹಣ, ಮನೆಯ ಮುಂಗಡ, ಒಬ್ಬಳೇ ಇರುವ ಅಜ್ಜಿಗೆ ರಾತ್ರಿ ಏನಾದರೂ ಆದರೆ ಯಾರು ಎಂಬ ತನ್ನ ಭಯ. ಆ ಭಯ ನಟನೆಯದಲ್ಲ. ಅವನ ಕಣ್ಣು ತೇವವಾಗಿತ್ತು. ನಾವು ಏನು ಹೇಳಬೇಕೆಂದು ನಮಗೆ ತೋಚಲಿಲ್ಲ. ಅವನ ಮಾತಿನಲ್ಲಿ ಯುಕ್ತಿಯಿತ್ತು. ಐದು ಎಕರೆ ಮಸಾರಿ ನೆಲ ಒಬ್ಬ ಮುದುಕಿಯನ್ನು ಹೇಗೋ ಸಾಕೀತೇ ಹೊರತು ಒಂದು ಸಂಸಾರವನ್ನು ಸಾಕಲಾರದು.

ದೊಡ್ಡವ್ವ ಸಿಹಿಯನ್ನು ಮುಗಿಸಿ, ಸೆರಗಿನಿಂದ ಬಾಯೊರಸಿಕೊಂಡು, “ಕಣ್ಣು ತೆಗಿಸಿದಿ, ಚಲೋ ಆತು. ಈಗ ಹೊಲ ಕಾಣ್ತೈತಿ. ಕಂಡ ಮ್ಯಾಲ ಒಂದು ಸಲ ಬಿತ್ತಬೇಕಲ್ಲೋ. ಮೂರು ವರ್ಷ ಬೀಜದ ಸಾಲು ಕಾಣದಂಗ ಬಿತ್ತೀನಿ. ಈ ಮುಂಗಾರು ನೋಡ್ತೀನಿ. ಆಮ್ಯಾಲ ನೀನು ಹೇಳಿದಂಗ” ಎಂದಳು. ಹುಡುಗ ಮರುಮಾತಾಡಲಿಲ್ಲ.

ಬಿಲ್ಲಿನ ಸಂಗತಿಯನ್ನೂ ಗೃಹಸ್ಥರ ಉಪಯೋಗಕ್ಕಾಗಿ ಹೇಳಿಬಿಡುವೆವು. ಊಟದ ಮೊತ್ತದ ಮೇಲೆ ನೂರಕ್ಕೆ ಐದರಂತೆ ತೆರಿಗೆ ಕೊಡಲೇಬೇಕು. ಅದಲ್ಲದೆ ಸೇವಾಶುಲ್ಕವೆಂದು ನೂರಕ್ಕೆ ಹತ್ತನ್ನು ಕೂಡಿಸಿದ್ದರು. ಇದನ್ನು ಬಲವಂತವಾಗಿ ವಸೂಲು ಮಾಡಕೂಡದೆಂದು ಕೇಂದ್ರದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದವರು 2022ರಲ್ಲಿ ವಿಧಿಸಿದ್ದಾರೆ. ದೆಹಲಿಯ ಉಚ್ಚನ್ಯಾಯಾಲಯವು 2025ರಲ್ಲಿ ಅದನ್ನು ಎತ್ತಿಹಿಡಿಯಿತು. ಕೇಳಿದೊಡನೆ ತೆಗೆದರು. ಅಷ್ಟು ಹಣವನ್ನು ದೊಡ್ಡವ್ವನ ಕೈಯಿಂದಲೇ ಒಲೆಯ ಮುಂದಿನ ಹುಡುಗನಿಗೂ ಬಡಿಸಿದವನಿಗೂ ಕೊಡಿಸಿದೆವು.

ಮನೆಗೆ ಬಂದ ಮೇಲೆ ನಮ್ಮ ಮನೆಯವರು ಸದಕದ ಶಾವಿಗೆಯನ್ನು ತರಿಸಿ ಇಟಲಿಯ ರೀತಿಯಲ್ಲಿ ಮಾಡಿನೋಡಿದರು. ಮಾಗಿದ ಟೊಮ್ಯಾಟೊ ಹಣ್ಣುಗಳನ್ನು ಬಿಸಿನೀರಿನಲ್ಲಿ ಅದ್ದಿ ಸಿಪ್ಪೆ ತೆಗೆದು, ಶೇಂಗಾ ಎಣ್ಣೆಯಲ್ಲಿ ನಾಲ್ಕು ಬೆಳ್ಳುಳ್ಳಿಯ ಎಸಳುಗಳನ್ನು ಬಾಡಿಸಿ, ಹಣ್ಣನ್ನು ಹಿಸುಕಿ ಹಾಕಿ, ಉಪ್ಪು ಬೆರೆಸಿ, ಎಣ್ಣೆ ಬಿಡುವವರೆಗೆ ಸಣ್ಣ ಉರಿಯಲ್ಲಿ ಕುದಿಸಬೇಕು. ಶಾವಿಗೆಯನ್ನು ಹೆಚ್ಚು ನೀರಿನಲ್ಲಿ ಬೇರೆಯಾಗಿ ಬೇಯಿಸಿ ಬಸಿದು, ಬಸಿದ ನೀರನ್ನು ಒಂದು ಸೌಟು ಉಳಿಸಿಕೊಂಡು, ಎಲ್ಲವನ್ನೂ ಒಟ್ಟಿಗೆ ತಿರುವಿದರೆ ಆಯಿತು. ಮನೆಯ ಮಕ್ಕಳು ಎರಡನೆಯ ಸಲ ಕೇಳಿದರು. ದೊಡ್ಡವ್ವನಿಗೆ ಅದರ ಮೇಲೆ ಒಂದಿಷ್ಟು ಶೇಂಗಾ ಚಟ್ನಿಪುಡಿ ಬೇಕಾಯಿತು. ಹಾಕಿಕೊಂಡು ನೋಡಿದೆವು, ತಪ್ಪೇನೂ ಕಾಣಲಿಲ್ಲ.

ಅವಳು ಊರಿಗೆ ಹೋಗುವಾಗ ಮೊಮ್ಮಗನೇ ಎಲ್ಲೆಲ್ಲೋ ವಿಚಾರಿಸಿ ನಾಲ್ಕು ಸೇರು ನವಣೆಯ ಬೀಜವನ್ನು ತಂದು ಚೀಲದಲ್ಲಿ ಇಟ್ಟನು. ಮುಂಗಾರು ಈ ಸಲ ತಡವಾಗಿ ಬಂದರೂ ಬಂತು. ನಾಲ್ಕು ಎಕರೆಗೆ ಎಂದಿನಂತೆ ಮೆಕ್ಕೆಜೋಳ, ಒಂದು ಎಕರೆಗೆ ನವಣೆ, ನಡುನಡುವೆ ತೊಗರಿಯ ಸಾಲು ಹಾಕಿರುವುದಾಗಿ ಫೋನಿನಲ್ಲಿ ತಿಳಿಸಿದಳು. ನವಣೆಯ ತೆನೆ ಬಲಿಯುವ ಕಾಲಕ್ಕೆ ಗುಬ್ಬಿಗಳ ಹಿಂಡು ಎರಗುತ್ತದೆ. ಊರಿನಲ್ಲಿ ಬೇರೆ ಯಾರೂ ಬೆಳೆಯದಿದ್ದಾಗ ಸೀಮೆಯ ಹಕ್ಕಿಗಳೆಲ್ಲ ಆ ಒಂದೇ ಎಕರೆಗೆ ಬರುತ್ತವೆ. ಬೆಳಗ್ಗೆ ಸಂಜೆ ಕವಣೆ ಹಿಡಿದು ಕಾಯುವುದಕ್ಕೆ ಆಳು ಬೇಕು. ಮೊಮ್ಮಗನಿಗೆ ಹತ್ತು ದಿನ ರಜಾ ಹಾಕಿ ಬರಲು ಹೇಳಿದ್ದಾಳೆ. ಅವನು ಅರ್ಜಿ ಕೊಟ್ಟಿದ್ದಾನೆ.